ಸವಾಲಿಲ್ಲದ ಜವಾಬು: ಕಿರುತೆರೆಯ ಧರ್ಮಬೋಧೆ

ಇಂಡಿ ಸೀಮೆಯ ಹಲಸಂಗಿಯ ಸುತ್ತ ಧರ್ಮವಿಚಾರವು ಬಹುಕಾಲ ಹಾಡಿಕೆಯ ಮೂಲಕವೇ ಜನರನ್ನು ಮುಟ್ಟಿದೆ. ಹರದೇಶಿ-ನಾಗೇಶಿ ಎಂಬ ಹಾಡಿಕೆಯಲ್ಲಿ ಒಂದು ಮೇಳವು ಶಿವನ, ಅಂದರೆ ಪುರುಷತತ್ತ್ವದ, ಹಿರಿಮೆಯನ್ನು ಎತ್ತಿ ಹಿಡಿದರೆ ಇನ್ನೊಂದು ಶಕ್ತಿಯ ಪರ ನಿಂತು ಸವಾಲು-ಜವಾಬು ನಡೆಸುತ್ತದೆ. ಎದುರಾಳಿಯ ಪದವನ್ನು ಪೂರ್ತಿ ಕೇಳದೆ ಇಲ್ಲಿ ಉತ್ತರ ಕಟ್ಟಲಾಗದು. ಇಲ್ಲಿನ ಹಾಡಿಕೆಗೆ ಮತದ ಗಡಿಯೂ ಇರಲಿಲ್ಲ: ಹಲಸಂಗಿಯ ಖಾಜಾಭಾಯಿ ಹೆಸರಾಂತ ಲಾವಣಿಕಾರರಾಗಿದ್ದರು. ‘ಜೀವನ ಸಂಗೀತ’ (1933) ಎಂಬ ಲಾವಣಿ ಸಂಗ್ರಹವನ್ನು ಹೊರತಂದ ಗೆಳೆಯರ ಬಳಗದಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣರೊಂದಿಗೆ ಧೂಲಾಸಾಹೇಬರೂ ಇದ್ದರು. ಕಿರುತೆರೆಯ ಧರ್ಮಬೋಧೆಯನ್ನು ಕೇಳಿ ಉತ್ತರಿಸುವ ಈ ನೆಲದ ಅಳತೆಗೋಲಿನಿಂದಲೇ ಅಳೆಯುವುದು ಯುಕ್ತ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳು ದೂರದರ್ಶನದ ಮೂಲಕ ಮನೆಮನೆಗೂ ತಲುಪಿದವು. ಉಪನಿಷತ್ತು, ಗೀತೆ, ವಚನಗಳನ್ನು ತಿಳಿಗನ್ನಡದಲ್ಲಿ ಬಿಡಿಸುವ ಅವರ ಮಾತಿನಲ್ಲಿ ಪರಮತದ ನಿಂದೆಗೆ ಎಡೆಯಿರಲಿಲ್ಲ. ಆದರೂ ಪ್ರವಚನವು ಒಬ್ಬರೇ ಆಡುವ ಮಾತು. ಬಯಲಿನಲ್ಲಿ ಕುಳಿತ ಸಾವಿರಾರು ಜನರ ಮೌನವೇ ಅದಕ್ಕೆ ಕೊಡುತ್ತಿದ್ದ ಮರುದನಿಯನ್ನು ಪರದೆಯು ತಂದುಕೊಡಲಾರದು.

ಮಹಾಲಿಂಗಪುರದ ಇಬ್ರಾಹಿಂ ಸುತಾರರ ಭಜನಾ ಮೇಳದ ರೀತಿ ಬೇರೆ. ಅಲ್ಲಿ ತತ್ತ್ವಪದವನ್ನು, ಅಂದರೆ ಅನುಭಾವದ ಹಾಡನ್ನು, ಹಾಡಿದ ಮೇಲೆ ಜೊತೆಗಾರರು ಸಂದೇಹ ಎತ್ತುತ್ತಿದ್ದರು, ಸುತಾರರು ಬಿಡಿಸುತ್ತಿದ್ದರು. ಪ್ರಶ್ನೆಯು ಹಾಡಿಕೆಯ ಒಡಲಲ್ಲೇ ಇರುವುದರಿಂದ ತೆರೆಗೆ ಬಂದಾಗಲೂ ಅದು ಉಳಿಯುತ್ತದೆ. ಕುರಾನು, ವಚನ, ಉಪನಿಷತ್ತುಗಳು ಒಂದೇ ಚಾವಡಿಯಲ್ಲಿ ಕೂಡುವ ಈ ಕ್ರಮ ಬೆಲೆಯುಳ್ಳದ್ದು. ಅದರ ಮಿತಿಯೆಂದರೆ ಸಂದೇಹವು ಉತ್ತರಕ್ಕೆ ಅನುವಾಗಿಯೇ ಹುಟ್ಟುತ್ತದೆ. ಮತಗಳು ಎಲ್ಲಿ ಕೂಡುತ್ತವೆ ಎಂಬುದನ್ನು ಕಾಣಿಸುವಷ್ಟು ಸ್ಪಷ್ಟವಾಗಿ, ಅವು ಎಲ್ಲಿ ಅಗಲುತ್ತವೆ ಎಂಬುದನ್ನು ಈ ಕ್ರಮ ಕಾಣಿಸುವುದಿಲ್ಲ.

ಸುದ್ದಿವಾಹಿನಿಗಳ ಧರ್ಮಚರ್ಚೆಯಾದರೋ ಸವಾಲು-ಜವಾಬಿನ ಹೊರವೇಷವನ್ನಷ್ಟೇ ತೊಟ್ಟಿದೆ. ಅಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಕೂಗು ಏಳುತ್ತದೆ. ಮತಗಳ ಮೇಲಿನ ದಾಳಿಯನ್ನು 1994ರ ಕೇಬಲ್ ದೂರದರ್ಶನ ಜಾಲಗಳ ನಿಯಮಗಳು ನಿಷೇಧಿಸಿವೆ. ಆದರೆ ನಿಯಮವು ನಿಂದೆಯನ್ನು ತಡೆಯಬಹುದೇ ಹೊರತು ಕೇಳಿಸಿಕೊಳ್ಳುವ ಗುಣವನ್ನು ಕಲಿಸಲಾರದು. ಆ ಗುಣವನ್ನು ಹರದೇಶಿ-ನಾಗೇಶಿಯ ಹಾಡುಗಾರರು ಬಲ್ಲರು. ವಾಹಿನಿಗಳು ಸರ್ವಧರ್ಮದ ವೇದಿಕೆ ಕಟ್ಟುವ ಮುನ್ನ ಅಂಥದೊಂದು ಹಾಡಿಕೆಯನ್ನು ಬೆಳಗಿನವರೆಗೆ ಕುಳಿತು ಕೇಳುವುದು ಒಳಿತು.