ಟ್ಯಾಂಕ್‌ನಲ್ಲಿ ಬಸವನಹುಳು: ಇರಲಿ, ಎಷ್ಟಿರಲಿ?

ಅಕ್ವೇರಿಯಂ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬಸವನಹುಳು ತರುವವರು ಒಂದು. ಅದೇ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬಸವನಹುಳು ಸಾಯಿಸುವ ಔಷಧಿ ತರುವವರು ಇನ್ನೊಂದು. ಎಷ್ಟೋ ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ, ನಡುವೆ ನಾಲ್ಕಾರು ತಿಂಗಳು ಕಳೆದಿರುತ್ತದೆ ಅಷ್ಟೆ.

ಮೊದಲ ಸಲ ಹೋದಾಗ ಅಂಗಡಿಯಾತ ಹೇಳುವುದು: “ಒಂದೆರಡು ಹಾಕ್ಕೊಳ್ಳಿ ಸಾರ್, ಟ್ಯಾಂಕ್ ತಾನಾಗೇ ಕ್ಲೀನ್ ಆಗತ್ತೆ.” ಎರಡನೇ ಸಲ: “ಗಿಡದ ಜೊತೆ ಬಂದಿರತ್ತೆ ಸಾರ್. ಈ ಬಾಟ್ಲಿ ತಗೊಳ್ಳಿ, ಎರಡು ದಿನಕ್ಕೆ ಒಂದೂ ಇರಲ್ಲ.” ಮೊದಲನೆಯದು ಅರ್ಧ ಸತ್ಯ. ಎರಡನೆಯದು ಪೂರ್ತಿ ಸತ್ಯ, ಅದೇ ಅದರ ತೊಂದರೆ.

ಅರ್ಧ ಸತ್ಯದಿಂದ ಶುರು ಮಾಡೋಣ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ತಳದ ಮರಳಿನಲ್ಲಿ ವ್ಯಾಲಿಸ್ನೇರಿಯಾ ಗಿಡ ನೆಟ್ಟ. ಮೀನು, ಗಿಡ ಒಂದನ್ನೊಂದು ನೆಚ್ಚಿಕೊಂಡು ಬದುಕುತ್ತವೆಯೇ ಎಂದು ನೋಡುವುದು ಅವನ ಉದ್ದೇಶ. ಸ್ವಲ್ಪ ದಿನ ಎಲ್ಲ ಸರಿಯಿತ್ತು. ಆಮೇಲೆ ಹಳೇ ಎಲೆ ಕೊಳೆಯಿತು, ಗಾಜಿಗೆ ಹಸಿರು ಲೋಳೆ ಕಟ್ಟಿತು, ನೀರು ಕದಡಿತು. ಆಗ ಆತ ತಂದು ಹಾಕಿದ್ದು ಲಿಮ್ನಿಯಾ ಎಂಬ ಕೊಳದ ಬಸವನಹುಳು. ಕೊಳೆತ ಎಲೆ, ಲೋಳೆ ಎರಡನ್ನೂ ಅದು ತಿಂದು ಮುಗಿಸಿತು. ಅದರ ಮರಿಗಳು ಮೀನಿಗೆ ತಿಂಡಿಯಾದವು. 1850ರಲ್ಲಿ ಈ ವಿವರ ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದೆ ಬಂತು. ಇಂದು ನಮ್ಮ ಹಾಲ್‌ನಲ್ಲಿ ಟಿವಿ ಪಕ್ಕ ಕೂತಿರುವ ಟ್ಯಾಂಕ್‌ನ ಪೂರ್ವಜ ಅದೇ ಪಾತ್ರೆ. ಎರಡರಿಂದ ಕೂಡದ ಲೆಕ್ಕ ಅಲ್ಲಿ ಮೂರನೆಯದು ಬಂದ ಮೇಲೆ ಕೂಡಿತು.

ಆದರೆ ಆ ಹುಳು ತಿಂದದ್ದು ಕೊಳೆತ ಎಲೆ ಮತ್ತು ಪಾಚಿ ಎಂಬುದನ್ನು ಮರೆಯಬಾರದು. ಮೀನಿನ ಹಿಕ್ಕೆಯನ್ನು ಯಾವ ಬಸವನಹುಳುವೂ ಮಾಯ ಮಾಡುವುದಿಲ್ಲ. ತಾನು ತಿಂದ ಪಾಚಿಯನ್ನೂ ಅದು ಹಿಕ್ಕೆ ಮಾಡಿಯೇ ಹೊರಗೆ ಹಾಕುತ್ತದೆ. ಆ ಹಿಕ್ಕೆ ಅಮೋನಿಯಾ ಆಗಿ, ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ನೈಟ್ರೇಟ್ ಆಗಿ ನೀರಿನಲ್ಲೇ ಉಳಿಯುತ್ತದೆ. ಗಾಜು ಹೊಳೆಯಿತೆಂದರೆ ನೀರು ಶುದ್ಧವಾಯಿತೆಂದಲ್ಲ. ವಾರಕ್ಕೊಮ್ಮೆ ಬಕೆಟ್ ಎತ್ತುವ ಕೆಲಸ ಹುಳು ಇದ್ದರೂ ನಮ್ಮದೇ, ಇಲ್ಲದಿದ್ದರೂ ನಮ್ಮದೇ.

ಹಾಗಾದರೆ ಯಾಕೆ ಬೇಕು? ನೋಡಲಿಕ್ಕೆ ಬೇಕು ಎನ್ನುತ್ತೇನೆ ನಾನು. ರಾತ್ರಿ ಟ್ಯಾಂಕ್‌ನ ಲೈಟ್ ಆರಿಸಿ, ಗಾಜು ಹತ್ತಿದ ಒಂದು ಹುಳುವಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಬಾಯಿ ತೆರೆಯುತ್ತದೆ, ಒಳಗಿಂದ ಅರದಂಥ ನಾಲಿಗೆ ಹೊರಬಂದು ಗಾಜನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಕೆರೆದು ಒಳಗೆ ಹೋಗುತ್ತದೆ. ತಲೆ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ, ಮತ್ತೆ ಕೆರೆತ. ಆ ನಾಲಿಗೆಯ ಮೇಲೆ ಸಾಲುಸಾಲಾಗಿ ಕೂತ ಸೂಕ್ಷ್ಮ ಹಲ್ಲುಗಳಿವೆ. ಬೆಳಿಗ್ಗೆ ಪಾಚಿಯ ತೆಳು ಪೊರೆಯಲ್ಲಿ ಎಡಕ್ಕೆ ಬಲಕ್ಕೆ ಓಲಾಡಿದ ದಾರಿ ಕಾಣುತ್ತದಲ್ಲ, ಅದು ರಾತ್ರಿಯ ಆ ಊಟದ ಗುರುತು. ಬ್ಲ್ಯಾಡರ್ ಸ್ನೇಲ್ ಎಂಬ ಸಣ್ಣ ಹುಳುವನ್ನು ಕೈಯಲ್ಲಿ ತುದಿ ಮೇಲಾಗಿ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿದರೆ ಚಿಪ್ಪಿನ ಬಾಯಿ ಎಡಕ್ಕಿರುತ್ತದೆ. ಹೆಚ್ಚಿನ ಬಸವನಹುಳುಗಳಿಗೆ ಅದು ಬಲಕ್ಕೆ. ರಾಮ್ಸ್‌ಹಾರ್ನ್ ಎಂಬ ಚಪ್ಪಟೆ ಸುರುಳಿಯ ಹುಳುವಿನ ರಕ್ತ ನಮ್ಮದರಂತೆ ಕೆಂಪು, ಹಿಮೋಗ್ಲೋಬಿನ್ ಇರುವಂಥದ್ದು. ಅದರ ನೆಂಟರಲ್ಲಿ ಬಹುಪಾಲು ನೀಲಿ ರಕ್ತದವು. ಅಂಗಡಿಯ ‘ರೆಡ್ ರಾಮ್ಸ್‌ಹಾರ್ನ್’ಗೆ ಆ ಬಣ್ಣ ಬಂದಿರುವುದು ಈ ರಕ್ತ ಮೈಯಿಂದ, ಚಿಪ್ಪಿನಿಂದ ಹಾಯ್ದು ಕಾಣುವುದರಿಂದ.

ಈ ಎರಡೂ ಕರೆಯದೆ ಬರುವ ನೆಂಟರು. ಗಿಡದ ಎಲೆಯಡಿಗೆ ಅಂಟಿದ ಪಾರದರ್ಶಕ ಲೋಳೆಯ ಮುದ್ದೆಯೊಳಗೆ ಚುಕ್ಕಿಯಂಥ ಮೊಟ್ಟೆಗಳಾಗಿ ಬರುತ್ತವೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಜೊತೆ ಸಿಗದಿದ್ದರೂ ಒಂದೇ ಹುಳು ಸಂಸಾರ ಹೂಡಬಲ್ಲದು. ‘ಒಂದೇ ಒಂದು ಇತ್ತು, ಈಗ ನೂರಾಗಿವೆ’ ಎಂಬ ದೂರು ಸುಳ್ಳಲ್ಲ. ಸುಳ್ಳಿರುವುದು ಅದಕ್ಕೆ ಕೊಡುವ ಕಾರಣದಲ್ಲಿ. ಹುಳು ಮೊಟ್ಟೆಯಿಟ್ಟಿತೆಂದು ನೂರಾಗುವುದಿಲ್ಲ, ಇಟ್ಟ ಮೊಟ್ಟೆಯಿಂದ ಬಂದ ಮರಿಗೆಲ್ಲ ಊಟ ಸಿಕ್ಕಿದ್ದಕ್ಕೆ ನೂರಾಗುತ್ತದೆ. ಆ ಊಟ ಹಾಕಿದವರು ನಾವು. ಬೆಳಿಗ್ಗೆ ಅಪ್ಪ ಒಂದು ಚಿಟಿಕೆ, ಸ್ಕೂಲಿಂದ ಬಂದ ಮಗಳು ಒಂದು ಚಿಟಿಕೆ, ಸಂಜೆ ಅಜ್ಜಿಗೆ ‘ಪಾಪ, ಬಾಯಿ ಬಿಡ್ತಿದೆ’ ಅನ್ನಿಸಿ ಇನ್ನೊಂದು. ಮೀನು ತಿಂದು ಮಿಕ್ಕಿದ್ದು ಜಲ್ಲಿಯ ಸಂದಿಗೆ ಇಳಿಯುತ್ತದೆ. ಗಾಜಿನ ಮೇಲಿನ ಹುಳುಗಳ ಸಂಖ್ಯೆ ದಿನಸಿ ಅಂಗಡಿಯ ಉದ್ರಿ ಪುಸ್ತಕದಂತೆ, ನಮ್ಮ ಧಾರಾಳವೆಲ್ಲ ಅಲ್ಲಿ ಬರೆದಿರುತ್ತದೆ. ಎರಡು ನಿಮಿಷದಲ್ಲಿ ಮೀನು ಮುಗಿಸುವಷ್ಟೇ ಹಾಕಿ, ವಾರಕ್ಕೊಂದು ದಿನ ಉಪವಾಸ ಕೆಡವಿ ನೋಡಿ. ಹೊಸ ಮರಿ ಕಡಿಮೆಯಾಗುತ್ತಾ ಬರುತ್ತದೆ. ಆರೋಗ್ಯವಾಗಿರುವ ಮೀನಿಗೆ ಒಂದು ದಿನದ ಉಪವಾಸದಿಂದ ಏನೂ ಆಗುವುದಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಟ್ರಂಪೆಟ್ ಸ್ನೇಲ್. ಅಂಗಡಿಯಲ್ಲಿ ಇದಕ್ಕೆ ಮಲೇಷಿಯಾದ ಪಟ್ಟಿ ಅಂಟಿಸುತ್ತಾರೆ. 1774ರಲ್ಲಿ ಡೆನ್ಮಾರ್ಕಿನ ಮುಲ್ಲರ್ ಇದನ್ನು ಮೊದಲು ವರ್ಣಿಸಿದ್ದು ನಮ್ಮ ಪೂರ್ವ ತೀರದ, ಕೋರಮಂಡಲದ ಮಾದರಿಯಿಂದ. ಉದ್ದ ಮೊನೆಯ, ಕಂದು ಗೆರೆಯ ಈ ಹುಳು ಹಗಲೆಲ್ಲ ಮರಳಿನೊಳಗೆ. ಅದು ಒಳಗೊಳಗೇ ತೆವಳುವಾಗ ಮರಳು ಸಡಿಲವಾಗುತ್ತದೆ, ತಳಕ್ಕೆ ನೀರಾಡುತ್ತದೆ, ಗಾಳಿ ತಾಗದೆ ಕಪ್ಪುಗಟ್ಟಿ ಕೊಳೆತ ಮೊಟ್ಟೆಯ ನಾತ ಬರುವ ಜಾಗಗಳು ಕಡಿಮೆಯಾಗುತ್ತವೆ. ಗಿಡ ನೆಟ್ಟ ಟ್ಯಾಂಕ್‌ಗೆ ಇದಕ್ಕಿಂತ ಒಳ್ಳೆಯ ಕೂಲಿಯಾಳು ಸಿಗುವುದಿಲ್ಲ. ಇನ್ನೊಂದು ಉಪಯೋಗವೂ ಇದೆ. ಹಾಡುಹಗಲಲ್ಲಿ ಇವೆಲ್ಲ ಮರಳು ಬಿಟ್ಟು ಗಾಜು ಹತ್ತಿ ನೀರಿನ ಮೇಲ್ಮಟ್ಟದ ಹತ್ತಿರ ಸೇರಿದರೆ ನೀರಿನಲ್ಲಿ ಆಮ್ಲಜನಕ ಇಳಿದಿದೆ ಅಥವಾ ಬೇರೇನೋ ಕೆಟ್ಟಿದೆ ಎಂದರ್ಥ. ಕರೆಂಟ್ ಹೋಗಿ ಏರ್ ಪಂಪ್ ನಿಂತ ಮಧ್ಯಾಹ್ನಗಳಲ್ಲಿ ಇದನ್ನು ನೋಡಬಹುದು. ಇದರ ಅವಗುಣ ಒಂದೇ, ಆದರೆ ದೊಡ್ಡದು. ಗಂಡಿನ ಹಂಗಿಲ್ಲದೆ ಹೆಣ್ಣು ಮರಿ ಹಾಕುತ್ತದೆ, ಮೊಟ್ಟೆಯಲ್ಲ, ನೇರವಾಗಿ ನಡೆದಾಡುವ ಮರಿ. ಲೆಕ್ಕ ತಪ್ಪಿದರೆ ಫಿಲ್ಟರ್‌ನ ಪಂಪಿಗೂ ನುಗ್ಗಿ ಫ್ಯಾನ್ ಸಿಕ್ಕಿಹಾಕಿಕೊಂಡು ಗಿರ್‌ಗಿರ್ ಸದ್ದು ಶುರುವಾಗುತ್ತದೆ.

ದುಡ್ಡು ಕೊಟ್ಟೇ ತರಬೇಕೆಂದರೆ ನೆರೈಟ್ ತನ್ನಿ. ಗಾಜಿನ ಮೇಲಿನ ಗಟ್ಟಿ ಪಾಚಿ ಕೆರೆಯುವುದರಲ್ಲಿ ಅದನ್ನು ಮೀರಿಸುವ ಹುಳು ಇಲ್ಲ, ಮರಿಗೆ ಉಪ್ಪುನೀರು ಬೇಕಾದ್ದರಿಂದ ಸಿಹಿನೀರಿನ ಟ್ಯಾಂಕ್‌ನಲ್ಲಿ ಸಂತಾನವೂ ಇಲ್ಲ. ಕಟ್ಟಿಗೆಯ ಮೇಲೆ ಎಳ್ಳಿನಂತೆ ಬಿಳಿ ಮೊಟ್ಟೆ ಅಂಟಿಸಿಬಿಡುತ್ತದೆ, ಉಗುರಿಗೂ ಬರುವುದಿಲ್ಲ. ಕಣ್ಣಿಗೆ ಅದು ಸಹ್ಯವಾದರೆ ಸರಿ. ದೊಡ್ಡ ಆ್ಯಪಲ್ ಸ್ನೇಲ್‌ಗಳ ವಿಷಯದಲ್ಲಿ ಹುಷಾರು. ನಮ್ಮ ಗದ್ದೆಯ ದೊಡ್ಡ ಬಸವನಹುಳು, ತುಳುನಾಡಿನಲ್ಲಿ ನರ್ತೆ ಎಂದು ಸಾರು ಮಾಡುವಂಥದ್ದು, ಟ್ಯಾಂಕ್‌ಗೆ ಬಂದರೆ ಒಂದು ವಾರದಲ್ಲಿ ಗಿಡವೆಲ್ಲ ದಂಟಾಗುತ್ತದೆ.

ಗದ್ದೆ, ಕೆರೆಯಿಂದ ಹುಳು ಹಿಡಿದು ತರುವುದು ಬೇಡ ಎನ್ನಲು ಇನ್ನೂ ಗಟ್ಟಿ ಕಾರಣವಿದೆ. ಕೆರೆ ನೀರು ಕುಡಿಯುವ ದನಗಳಿಗೆ ಬರುವ ಗೊರಕೆ ರೋಗದ ಪರಾವಲಂಬಿ ಬೆಳೆಯುವುದು ಇಂಡೋಪ್ಲಾನಾರ್ಬಿಸ್ ಎಂಬ ನಮ್ಮದೇ ಕೆರೆಯ ಚಪ್ಪಟೆ ಸುರುಳಿ ಹುಳುವಿನೊಳಗೆ, ರಾಮ್ಸ್‌ಹಾರ್ನ್‌ನ ದಾಯಾದಿ. ಇಂಥ ಹುಳುಗಳಿಂದ ಹೊರಬೀಳುವ ಪರಾವಲಂಬಿ ಮರಿಗಳಲ್ಲಿ ಕೆಲವು ಮೀನಿನ ಚರ್ಮ ಹೊಗುತ್ತವೆ, ಕೆಲವು ಟ್ಯಾಂಕ್‌ಗೆ ಇಳಿಸಿದ ಕೈಗೂ ತುರಿಕೆ ತರುತ್ತವೆ. ಟ್ಯಾಂಕ್‌ನಲ್ಲೇ ತಲೆಮಾರುಗಟ್ಟಲೆ ಹುಟ್ಟಿ ಬೆಳೆದ ಹುಳುವಿಗೆ ಈ ಭಯವಿಲ್ಲ. ದನವೋ ಬಾತುಕೋಳಿಯೋ ನಡುವೆ ಇಲ್ಲದೆ ಆ ಚಕ್ರ ಮುಂದೆ ಸಾಗುವುದಿಲ್ಲ.

ನೀರಿನ ವಿಚಾರ ಊರಿಗೊಂದು ಥರ. ಬೆಂಗಳೂರಿನ ಬೋರ್‌ವೆಲ್‌ನ ಗಡಸು ನೀರು ಗೀಸರಿಗೆ ಶತ್ರು, ಬಸವನಹುಳುವಿಗೆ ಮಿತ್ರ. ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿದೆ. ಕರಾವಳಿಯ ಮುರಕಲ್ಲಿನ ಬಾವಿನೀರು ಮೆದು, ಹುಳಿ ಗುಣದ್ದು. ಅಲ್ಲಿ ಚಿಪ್ಪಿನ ತುದಿ, ಅಂದರೆ ಅದರ ಅತ್ಯಂತ ಹಳೆಯ ಭಾಗ, ಬಿಳಿಚಿಕೊಂಡು ಕುಳಿ ಬೀಳುತ್ತದೆ. ಲವ್‌ಬರ್ಡ್ಸ್ ಪಂಜರಕ್ಕೆ ಸಿಕ್ಕಿಸುವ ಕಟಲ್‌ಬೋನ್ ಒಂದು ತುಂಡು, ಇಲ್ಲವೇ ತೊಳೆದು ಒಣಗಿಸಿದ ಮೊಟ್ಟೆಯ ಓಡು ಫಿಲ್ಟರ್ ಹತ್ತಿರ ಹಾಕಿದರೆ ಸಾಕು. ಎಲೆಯಡಿಕೆಯ ಸುಣ್ಣ ಮಾತ್ರ ಬೇಡವೇ ಬೇಡ, ಹುಳುವಿನ ಜೊತೆ ಮೀನೂ ಹೋಗುತ್ತದೆ.

ಇನ್ನು ಆ ಬಾಟ್ಲಿ. ಇಂಥ ಔಷಧಿಗಳಲ್ಲಿ ಹೆಚ್ಚಿನವು ತಾಮ್ರದ್ದು. ಕರಗಿದ ತಾಮ್ರ ಬಸವನಹುಳುವಿಗೆ, ಸೀಗಡಿಗೆ ವಿಷ. ಕೊಲ್ಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇನ್ನೂರು ಹುಳು ಒಂದೇ ರಾತ್ರಿ ಜಲ್ಲಿಯೊಳಗೆ ಸತ್ತರೆ ಅವನ್ನು ಹೆಕ್ಕುವವರು ಯಾರು? ಸತ್ತ ಬಸವನಹುಳುವಿನ ನಾತ ಒಮ್ಮೆ ಮೂಗಿಗೆ ಬಡಿದವರು ಮರೆಯುವುದಿಲ್ಲ. ಅಮೋನಿಯಾ ಏರುತ್ತದೆ, ಮೂರನೇ ದಿನ ಮೀನು ಬಾಯಿ ಬಿಡುತ್ತಾ ಮೇಲೆ ಬರುತ್ತದೆ. ಕಾಯಿಲೆ ಮೀನಿಗೆ ಮದ್ದು ಹಾಕುವಾಗಲೂ ಲೇಬಲ್ ನೋಡಿ. ಕಾಪರ್ ಎಂದಿದ್ದರೆ ಮೀನನ್ನು ಬೇರೆ ಪಾತ್ರೆಗೆ ಹಾಕಿ ಅಲ್ಲೇ ಚಿಕಿತ್ಸೆ ಮಾಡಿ.

ಬಾಟ್ಲಿಗೆ ಬದಲು ಹೀರೇಕಾಯಿಯದೋ ಸೌತೆಕಾಯಿಯದೋ ಒಂದು ಹೋಳು ಸಾಕು. ಸಣ್ಣ ಚಮಚಕ್ಕೆ ಸಿಕ್ಕಿಸಿ ರಾತ್ರಿ ತಳಕ್ಕೆ ಇಳಿಸಿ, ಬೆಳಿಗ್ಗೆ ಹುಳು ಮುತ್ತಿದ ಹೋಳನ್ನು ಹಾಗೇ ಎತ್ತಿ. ನಾಲ್ಕು ರಾತ್ರಿ ಮಾಡಿದರೆ ವ್ಯತ್ಯಾಸ ಕಾಣುತ್ತದೆ, ಊಟ ಕಡಿಮೆ ಮಾಡಿದ್ದರೆ ಆ ವ್ಯತ್ಯಾಸ ಉಳಿಯುತ್ತದೆ. ಹುಳು ತಿನ್ನುವ ಹುಳುವೂ ಇದೆ, ಹಳದಿ-ಕಂದು ಪಟ್ಟೆಯ ಅಸಾಸಿನ್ ಸ್ನೇಲ್. ನಿಧಾನದ್ದು, ಆದರೆ ನಂಬಬಹುದು. ಕ್ಲೌನ್ ಲೋಚ್ ತನ್ನಿ ಎಂದರೆ ಕೇಳಬೇಡಿ, ಅದು ಒಂದಡಿ ಬೆಳೆಯುವ ಮೀನು. ನಮ್ಮದೇ ಪಟ್ಟೆ ಲೋಚ್, ಬೋಟಿಯಾ ಸ್ಟ್ರಯಾಟಾ, ಮೂರು ಅಂಗುಲದಲ್ಲೇ ನಿಲ್ಲುತ್ತದೆ, ಬಸವನಹುಳು ಕಂಡರೆ ಬಿಡುವುದಿಲ್ಲ. ಮೈಸೂರು ಸೀಮೆಯ ಮೀನುಗಳನ್ನು ಹುಡುಕಿ ಬರೆಯುತ್ತಿದ್ದ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್ 1920ರಲ್ಲಿ ಹೆಸರಿಟ್ಟ ಮೀನು ಇದು. ಈಗ ಅಳಿವಿನ ಅಂಚಿನವುಗಳ ಪಟ್ಟಿಯಲ್ಲಿದೆ. ಪಶ್ಚಿಮ ಘಟ್ಟದ ಹೊಳೆಯಿಂದ ಹಿಡಿದ ಮೀನನ್ನು ತಂದು, ನಾವೇ ಊಟ ಹಾಕಿ ಬೆಳೆಸಿದ ಹುಳು ತಿನ್ನಿಸುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ತೀರ್ಪು ಕೇಳಿದರೆ, ಗಿಡವಿರುವ ಟ್ಯಾಂಕ್‌ಗೆ ಟ್ರಂಪೆಟ್ ಒಂದು ಹತ್ತು, ಗಾಜಿಗೆ ಒಂದೆರಡು ನೆರೈಟ್. ರಾಮ್ಸ್‌ಹಾರ್ನ್ ತಾನಾಗಿ ಬಂದರೆ ಬರಲಿ. ಮರಿ ಮಾಡಿಸುವ ಟ್ಯಾಂಕ್‌ಗೆ ಯಾವುದೂ ಬೇಡ, ಮೀನಿನ ಮೊಟ್ಟೆಯ ವಿಷಯದಲ್ಲಿ ಇವನ್ನು ನಂಬಲಾಗುವುದಿಲ್ಲ.

ಹೆಚ್ಚಾದ ಹುಳುವನ್ನು ಏನು ಮಾಡುವುದು? ‘ಪಾಪ, ಕೊಲ್ಲೋದ್ಯಾಕೆ’ ಎಂದು ಪಕ್ಕದ ಕೆರೆಗೆ ಬಿಟ್ಟು ಬರುವವರಿದ್ದಾರೆ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುಪ್ರೇಮಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಆಫ್ರಿಕನ್ ಬಸವನಹುಳುವಿನ ಸಂತಾನ ಇಂದು ಕೊಡಗಿನ ಕಾಫಿ ತೋಟದವರೆಗೆ ಬಂದಿದೆ. ಮಳೆಗಾಲದಲ್ಲಿ ರೈತರು ಗೋಣಿಚೀಲ ಹಿಡಿದು ಹೆಕ್ಕುತ್ತಾರೆ. ದಕ್ಷಿಣ ಅಮೆರಿಕದ ಗೋಲ್ಡನ್ ಆ್ಯಪಲ್ ಸ್ನೇಲ್ 1980ರ ಸುಮಾರಿಗೆ ತಿನ್ನಲೆಂದು ತೈವಾನ್‌ಗೆ ಬಂದು, ಅಲ್ಲಿಂದ ಆಗ್ನೇಯ ಏಷ್ಯಾದ ಭತ್ತದ ಗದ್ದೆಗಳಿಗೆಲ್ಲ ಹಬ್ಬಿತು. ಆದ್ದರಿಂದ ಕೆರೆಗೂ ಬೇಡ, ಮೋರಿಗೂ ಬೇಡ. ಸಣ್ಣವನ್ನು ಜಜ್ಜಿ ಮೀನಿಗೇ ಹಾಕಿ, ಖುಷಿಯಿಂದ ತಿನ್ನುತ್ತವೆ. ಉಳಿದವನ್ನು ಕವರಿನಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಹೂಕುಂಡದ ಮಣ್ಣಿಗೆ ಸೇರಿಸಿ. ಟ್ಯಾಂಕ್‌ನಿಂದ ತೆಗೆದ ನೀರನ್ನೂ ಗಿಡಕ್ಕೇ ಸುರಿಯಿರಿ, ಕಣ್ಣಿಗೆ ಬೀಳದ ಮರಿಗಳು ಅದರಲ್ಲೂ ಇರುತ್ತವೆ.