ಫ್ರೇಮು ಕಳೆದರೆ ಆಟ ಕಳೆದಂತೆ: ಗೇಮ್‌ಪ್ಲೇ ವಿಡಿಯೊ ರಸಿಕರಿಗೊಂದು ಕೈಪಿಡಿ

ಗೇಮ್‌ಪ್ಲೇ ವಿಡಿಯೊಗಳ ರುಚಿ ಹತ್ತಿಸಿಕೊಳ್ಳಬೇಕು ಅನ್ನುವವರಿಗೆ ನಾನು ಮೊದಲು ನೋಡಲು ಹೇಳುವುದು ಫೈಟಿಂಗ್ ಆಟಗಳ 2004ರ ಇವೊ ಪಂದ್ಯಾವಳಿಯ ಒಂದು ಸಣ್ಣ ತುಣುಕು. ಆಟ, ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್. ಒಂದು ಕಡೆ ಜಪಾನಿನ ಡೈಗೊ ಉಮೆಹಾರ, ಆಡಿಸುತ್ತಿರುವುದು ಕೆನ್‌ನನ್ನು. ಎದುರಿಗೆ ಅಮೆರಿಕದ ಜಸ್ಟಿನ್ ವಾಂಗ್, ಅವರದು ಚುನ್-ಲಿ. ಕೆನ್‌ನ ಜೀವದ ಪಟ್ಟಿಯಲ್ಲಿ ಉಳಿದಿರುವುದು ಕಣ್ಣು ಕಿರಿದು ಮಾಡಿ ಹುಡುಕಬೇಕಾದಷ್ಟು. ಆ ಹೊತ್ತಿಗೆ ಚುನ್-ಲಿ ಒಂದರ ಹಿಂದೊಂದು ಒದೆಗಳ ‘ಸೂಪರ್’ ದಾಳಿ ಬಿಡುತ್ತಾಳೆ. ಸುಮ್ಮನೆ ತಡೆದು ನಿಂತರೂ ಉಳಿದ ಚೂರು ಜೀವ ಸವೆದುಹೋಗುತ್ತದೆ. ಬದುಕಲು ದಾರಿ ಒಂದೇ: ಪ್ರತಿ ಒದೆ ತಾಗುವ ಗಳಿಗೆಗೆ ಸರಿಯಾಗಿ ಜಾಯ್‌ಸ್ಟಿಕ್ಕನ್ನು ಎದುರಾಳಿಯ ಕಡೆಗೆ ತಳ್ಳಿ ‘ಪ್ಯಾರಿ’ ಮಾಡುವುದು. ಡೈಗೊ 15 ಒದೆಗಳನ್ನೂ ಹಾಗೆಯೇ ತಳ್ಳಿಹಾಕಿದರು. ಕೊನೆಯದನ್ನು ನೆಗೆದು ಗಾಳಿಯಲ್ಲೇ ತೀರಿಸಿ, ಇಳಿಯುತ್ತ ತಿರುಗೇಟು ಕೊಟ್ಟು ಗೆದ್ದರು.

ಆ ಆಟ ಓಡುವುದು ಸೆಕೆಂಡಿಗೆ 60 ಫ್ರೇಮಿನ ಲೆಕ್ಕದಲ್ಲಿ. ಅಂದರೆ ಒಂದು ಫ್ರೇಮಿನ ಆಯುಸ್ಸು ಸುಮಾರು 16.7 ಮಿಲಿಸೆಕೆಂಡು. ಡೈಗೊ ಅವರ ಅಷ್ಟೂ ವಿದ್ಯೆ ಇರುವುದು ಇಂಥ ಬೆರಳೆಣಿಕೆಯ ಫ್ರೇಮುಗಳ ಒಳಗೆ. ಗೇಮ್‌ಪ್ಲೇ ವಿಡಿಯೊವನ್ನು ಮಿಕ್ಕ ವಿಡಿಯೊಗಳಂತೆ ನೋಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಮದುವೆ ವಿಡಿಯೊದಲ್ಲಿ ನಾಲ್ಕು ಫ್ರೇಮು ಬಿದ್ದುಹೋದರೆ ತಾಳಿ ಕಟ್ಟಿದ್ದೇನೂ ಸುಳ್ಳಾಗುವುದಿಲ್ಲ. ಇಲ್ಲಿ ನಾಲ್ಕು ಫ್ರೇಮು ಬಿದ್ದರೆ ಆಟಗಾರ ಮಾಡಿದ್ದೇ ಕಾಣುವುದಿಲ್ಲ. ‘ವಿಡಿಯೊ ಲ್ಯಾಗ್ ಆಗ್ತಿದೆ’, ‘ಎಕ್ಸ್‌ಪೋರ್ಟ್ ಮಾಡಿದ ಮೇಲೆ ಕ್ವಾಲಿಟಿ ಹೋಯ್ತು’ ಎಂಬ ಎರಡು ದೂರುಗಳನ್ನು ಬರೀ ಸೆಟಿಂಗ್ಸ್ ಗೋಳು ಅಂದುಕೊಂಡವರು ಈ ಕಲೆಯ ಅರ್ಧವನ್ನು ಬಿಟ್ಟುಕೊಟ್ಟಂತೆ.

ಹಾಗಾದರೆ ನೋಡುವುದು ಹೇಗೆ? ಯೂಟ್ಯೂಬಿನಲ್ಲಿ ಕಂಪ್ಯೂಟರಿನಲ್ಲಿ ನೋಡುತ್ತಿದ್ದರೆ ವಿಡಿಯೊ ನಿಲ್ಲಿಸಿ, ಕೀಬೋರ್ಡಿನ ಫುಲ್‌ಸ್ಟಾಪ್ ಕೀಲಿ ಒತ್ತಿ: ಒಂದು ಫ್ರೇಮು ಮುಂದೆ. ಕಾಮಾ ಒತ್ತಿದರೆ ಒಂದು ಹಿಂದೆ. ಕ್ಯಾಮೆರಾ ಒಂದೇ ವೇಗದಲ್ಲಿ ಎಡದಿಂದ ಬಲಕ್ಕೆ ತಿರುಗುವ ಜಾಗ ಹುಡುಕಿ, ಹಿನ್ನೆಲೆಯ ಒಂದು ಕಂಬವನ್ನೋ ಕಿಟಕಿಯನ್ನೋ ಗುರುತಿಟ್ಟುಕೊಂಡು ಹತ್ತು ಹದಿನೈದು ಫ್ರೇಮು ದಾಟಿಸಿ. ಕಂಬ ಪ್ರತಿ ಸಲ ಸರಿಸುಮಾರು ಅಷ್ಟೇ ಸರಿಯುತ್ತಿದ್ದರೆ ಓಟ ಶುದ್ಧ. ಒಮ್ಮೆ ಸರಿದು, ಒಮ್ಮೆ ಇದ್ದಲ್ಲೇ ನಿಂತು, ಆಮೇಲೆ ಎರಡರಷ್ಟು ಎಗರಿದರೆ ನಡುವೆ ಒಂದು ಫ್ರೇಮು ಸತ್ತಿದೆ, ಅದರ ಜಾಗಕ್ಕೆ ಹಳೆಯದನ್ನೇ ಮತ್ತೆ ಅಂಟಿಸಲಾಗಿದೆ. ಈ ಒಂದು ಅಭ್ಯಾಸ ಬಂದರೆ ಸಾಕು, ನಿಮ್ಮ ಕಣ್ಣಿಗೆ ಬೇರೆಯದೇ ಜಗತ್ತು ತೆರೆಯುತ್ತದೆ.

ಆ ಫ್ರೇಮು ಸತ್ತಿದ್ದು ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಎಡಿಟಿಂಗಿಗೆ ಕೈಹಾಕಿದವರು ಎಡವುವುದು ಇಲ್ಲೇ. ಟೈಮ್‌ಲೈನಿನಲ್ಲಿ ಕ್ಲಿಪ್ ತಡವರಿಸಿದ ಕೂಡಲೇ ಅವರು ಎಕ್ಸ್‌ಪೋರ್ಟಿನ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬಳಸುವ ಬಿಟ್ಟುಗಳ ಲೆಕ್ಕ, ಏರಿಸುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೊದಲು ಮೂಲ ಕಡತವನ್ನು ವಿಎಲ್‌ಸಿಯಂಥ ಸಾದಾ ಪ್ಲೇಯರಿನಲ್ಲಿ ಹಾಕಿ ನೋಡಬೇಕು. ಅಲ್ಲಿಯೂ ಎಗರಿದರೆ ತಪ್ಪು ರೆಕಾರ್ಡಿಂಗಿನದು. ಯಾವ ಎಡಿಟರೂ ಅದನ್ನು ವಾಪಸು ತರಲಾರ. ಅಲ್ಲಿ ನೀರಿನಂತೆ ಹರಿದು ಟೈಮ್‌ಲೈನಿನಲ್ಲಿ ಮಾತ್ರ ಮುಗ್ಗರಿಸಿದರೆ ಕಡತ ಬಹುಮಟ್ಟಿಗೆ ಸರಿಯಿದೆ, ಕಂಪ್ಯೂಟರ್ ಏದುಸಿರು ಬಿಡುತ್ತಿದೆ ಅಷ್ಟೆ. ಎರಡೂ ಕಡೆ ಸರಿಯಿದ್ದು ಎಕ್ಸ್‌ಪೋರ್ಟ್ ಆದದ್ದು ಮಾತ್ರ ಎಗರಿದರೆ ಫ್ರೇಮ್ ರೇಟಿನ ಲೆಕ್ಕ ತಪ್ಪಿದೆ.

ರೆಕಾರ್ಡಿಂಗಿನಲ್ಲೇ ಫ್ರೇಮು ಸಾಯಲು ದೊಡ್ಡ ಕಾರಣ ದುರಾಸೆ. ಆಟಕ್ಕೆ ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಶಕ್ತಿಯನ್ನು ಬಿಟ್ಟುಕೊಟ್ಟರೆ, ಪಕ್ಕದಲ್ಲಿ ಓಡುತ್ತಿರುವ ರೆಕಾರ್ಡಿಂಗ್ ತಂತ್ರಾಂಶ ಓಬಿಎಸ್‌ಗೆ ತನ್ನ ಪಾಲಿನ ಚಿತ್ರ ಜೋಡಿಸಲು ಪುರುಸೊತ್ತೇ ಸಿಗುವುದಿಲ್ಲ. ಆಟದೊಳಗಿನ ಫ್ರೇಮ್ ರೇಟಿಗೆ 60 ಅಥವಾ 120 ಎಂದು ಮಿತಿ ಹಾಕಿ, ಕಾರ್ಡಿಗೆ ಸ್ವಲ್ಪ ಉಸಿರಾಡಲು ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಓಬಿಎಸ್‌ನ ಅಂಕಿ-ಅಂಶದ ಕಿಟಕಿ ತೆರೆದಿಟ್ಟರೆ ಎಷ್ಟು ಫ್ರೇಮು ತಪ್ಪಿಹೋಯಿತೆಂದು ಅದೇ ಎಣಿಸಿ ತೋರಿಸುತ್ತದೆ.

ನಮ್ಮ ಹುಡುಗರಲ್ಲಿ ಅನೇಕರು ಶುರುಮಾಡುವುದು ಕಂಪ್ಯೂಟರಿನಿಂದಲ್ಲ, ಫೋನಿನಿಂದ. 2021ರಲ್ಲಿ ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಆಟ ಬಂದ ಮೇಲೆ ಕನ್ನಡದಲ್ಲಿ ಮಾತಾಡುತ್ತ ಆಡುವವರ ಕ್ಲಿಪ್ಪುಗಳನ್ನು ನೋಡುವುದೇ ಒಂದು ಸೊಗಸು. ಆದರೆ ಫೋನಿನ ಸ್ಕ್ರೀನ್ ರೆಕಾರ್ಡರಿಗೆ ಒಂದು ಗುಣವಿದೆ: ಅದು ಸೆಕೆಂಡಿಗೆ ಇಷ್ಟೇ ಫ್ರೇಮು ಎಂದು ಹಿಡಿಯುವುದಿಲ್ಲ. ಪರದೆಯಲ್ಲಿ ಗಡಿಬಿಡಿ ಇದ್ದಾಗ ಹೆಚ್ಚು, ಲಾಬಿಯಲ್ಲಿ ಸುಮ್ಮನೆ ನಿಂತಾಗ ಕಡಿಮೆ, ಫೋನ್ ಕಾದು ಸುಸ್ತಾದರೆ ಇನ್ನೂ ಕಡಿಮೆ. ಪ್ಲೇಯರಿಗೆ ಇದು ತೊಂದರೆಯಲ್ಲ. ಪ್ರತಿ ಫ್ರೇಮಿನ ಮೇಲೂ ಅದು ಬರಬೇಕಾದ ಹೊತ್ತಿನ ಗುರುತಿರುತ್ತದೆ. ಎಡಿಟಿಂಗ್ ಸಾಫ್ಟ್‌ವೇರಿಗೆ ಮಾತ್ರ ಸಮನಾದ ಹೆಜ್ಜೆ ಬೇಕು. ಅದು ಸಿಗದಿದ್ದರೆ ಚಿತ್ರ ಎಗರುತ್ತದೆ, ಜೊತೆಗೆ ದನಿಯೂ ಜಾರುತ್ತದೆ. ಮೊದಲ ನಿಮಿಷದಲ್ಲಿ ಗುಂಡು ಹಾರಿದ್ದಕ್ಕೂ ಸದ್ದಿಗೂ ಕೂದಲೆಳೆಯಷ್ಟು ಅಂತರ; ಇಪ್ಪತ್ತನೇ ನಿಮಿಷದ ಹೊತ್ತಿಗೆ ಎದುರಾಳಿ ಬಿದ್ದು ಅರ್ಧ ಸೆಕೆಂಡಾದ ಮೇಲೆ ಗುಂಡಿನ ಸದ್ದು. ದನಿ ಹೀಗೆ ನಿಧಾನವಾಗಿ ಜಾರುವುದನ್ನು ಕೇಳಿದ ತಕ್ಷಣ ಇದು ಬದಲಾಗುವ ಫ್ರೇಮ್ ರೇಟಿನ ಕೆಲಸ ಎಂದು ರಸಿಕ ಗುರುತಿಸಬಲ್ಲ. ಮದ್ದೂ ಸುಲಭ: ಎಡಿಟಿಂಗಿಗೆ ಮುಂಚೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಡತ ಹಾಕಿ, ಫ್ರೇಮ್ ರೇಟ್ 60, ಸ್ಥಿರ ಎಂದು ಆರಿಸಿ ಹೊಸ ಪ್ರತಿ ತೆಗೆದುಕೊಳ್ಳುವುದು.

ಇನ್ನು ಕಡತ ಸರಿಯಿದ್ದೂ ಟೈಮ್‌ಲೈನ್ ತಡವರಿಸುವ ಸಂಗತಿ. ಎಚ್.264 ರೀತಿಯ ಕಡತದಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಲ್ಲ. ಆಗೊಂದು ಈಗೊಂದು ಇಡಿಯ ಚಿತ್ರ, ಅದಕ್ಕೆ ಕೀಫ್ರೇಮ್ ಎನ್ನುತ್ತಾರೆ. ನಡುವಿನವೆಲ್ಲ ‘ಹಿಂದಿನದಕ್ಕಿಂತ ಇಷ್ಟು ಬದಲಾಗಿದೆ’ ಎಂಬ ಟಿಪ್ಪಣಿಗಳು. ಎರಡು ಸೆಕೆಂಡಿಗೊಂದು ಕೀಫ್ರೇಮ್ ಇದೆ ಎಂದಿಟ್ಟುಕೊಳ್ಳಿ. ನೀವು ಕತ್ತರಿ ಹಾಕಲು 119ನೇ ಫ್ರೇಮಿನ ಮೇಲೆ ಬಂದು ನಿಂತರೆ, ಆ ಒಂದು ಚಿತ್ರ ತೋರಿಸಲು ಕಂಪ್ಯೂಟರ್ ಹಿಂದಿನ ಸಾಲನ್ನೆಲ್ಲ ಬಿಡಿಸಿಕೊಂಡು ಬರಬೇಕು. ಹಿಂದಕ್ಕೆ ಎಳೆದರಂತೂ ಪ್ರತಿ ಹೆಜ್ಜೆಗೂ ಅದೇ ಪಾಡು. ಇದಕ್ಕೆ ಪ್ರಾಕ್ಸಿ ಎಂಬ ಹಗುರವಾದ ನಕಲು ಪ್ರತಿಗಳನ್ನು ಮಾಡಿಕೊಂಡು ಅವುಗಳ ಮೇಲೆ ಕೆಲಸ ಮಾಡುತ್ತಾರೆ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಪ್ರೊ ಎರಡರಲ್ಲೂ ಈ ಸೌಲಭ್ಯವಿದೆ. ಮುನ್ನೋಟದ ರೆಸಲ್ಯೂಶನ್ನನ್ನು ಅರ್ಧಕ್ಕೋ ಕಾಲಿಗೋ ಇಳಿಸಿದರೂ ಎಷ್ಟೋ ಹಗುರ. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ‘ಪ್ರಾಕ್ಸಿ ಬಳಸು’ ಎಂಬ ಗುರುತು ಉಳಿದಿದೆಯೇ ಎಂದು ನೋಡಿಕೊಳ್ಳಲೇಬೇಕು. ಉಳಿದಿದ್ದರೆ ಆ ನಕಲು ಪ್ರತಿಯೇ ಹೊರಗೆ ಬರುತ್ತದೆ. ಇಡೀ ವಿಡಿಯೊ ಒಂದೇ ಸಮನೆ ಮಸುಕಾಗಿ, ಮೇಲೆ ಬರೆದ ಶೀರ್ಷಿಕೆ ಮಾತ್ರ ಚೂಪಾಗಿದ್ದರೆ ಹೀಗೇ ಆಗಿದೆಯೆಂದು ಶಂಕಿಸಬಹುದು.

ಫ್ರೇಮ್ ರೇಟಿನ ಲೆಕ್ಕಕ್ಕೆ ಬರೋಣ. 60ರಿಂದ 30ಕ್ಕೆ ಇಳಿಸಿದರೆ ಒಂದು ಬಿಟ್ಟು ಒಂದು ತೆಗೆದರಾಯಿತು. ವಿವರ ಹೋಗುತ್ತದೆ, ಲಯ ಉಳಿಯುತ್ತದೆ. 90ರಲ್ಲಿ ಆಡಿದ್ದನ್ನು 60ಕ್ಕೆ ಇಳಿಸಿದರೆ ಮೂರರಲ್ಲಿ ಒಂದನ್ನು ಎಸೆಯಬೇಕು, ಆಗ ಹೆಜ್ಜೆ ಚಿಕ್ಕದು-ದೊಡ್ಡದು, ಚಿಕ್ಕದು-ದೊಡ್ಡದು ಎಂದು ಕುಂಟುತ್ತದೆ. ‘ಸಿನಿಮಾ ಥರ ಕಾಣಲಿ’ ಎಂದು 24ಕ್ಕೆ ಇಳಿಸುವವರಿದ್ದಾರೆ. ಅಲ್ಲಿ ಲೆಕ್ಕ ಎರಡೂವರೆಗೆ ಬಂದು ನಿಲ್ಲುತ್ತದೆ. ಅರ್ಧ ಫ್ರೇಮು ಎಂಬುದಿಲ್ಲವಾದ್ದರಿಂದ ಒಮ್ಮೆ ಎರಡು, ಒಮ್ಮೆ ಮೂರು ಹೆಜ್ಜೆ. ಸಿನಿಮಾ ಕ್ಯಾಮೆರಾ 24ರಲ್ಲಿ ಹಿಡಿದಾಗ ಪ್ರತಿ ಫ್ರೇಮಿನೊಳಗೆ ಚಲನೆಯ ಮಸುಕು ಸೇರಿ ಕಣ್ಣಿಗೆ ಹಿತವಾಗುತ್ತದೆ. ಆಟದ ಚಿತ್ರಗಳು ಬಹುತೇಕ ಒಂದೊಂದೂ ಚೂಪು, ಅಲ್ಲಿ ಎಗರಾಟವಷ್ಟೇ ಉಳಿಯುತ್ತದೆ. ಕಥೆ ಹೇಳುವ ಆಟದ ಒಂದು ದೃಶ್ಯಕ್ಕೆ 24 ಸರಿಯಿರಬಹುದು. ಗುಂಡು ಹಾರುವ, ಪ್ಯಾರಿ ಮಾಡುವ ಆಟವನ್ನು 24ಕ್ಕೆ ಇಳಿಸುವುದು ಆಟಗಾರನ ಕೈಚಳಕಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಯೂಟ್ಯೂಬ್ 60 ಫ್ರೇಮಿಗೆ ಬಾಗಿಲು ತೆರೆದದ್ದು 2014ರಲ್ಲಿ. ಅದಕ್ಕೆ ಮುಂಚೆ 30ರಲ್ಲಿ ಕೆಲಸ ನಡೆಸಬೇಕಿತ್ತು. ಈಗ ಆ ಕಟ್ಟು ಇಲ್ಲ.

ಕೆಲವು ಆಟಗಳಲ್ಲಿ ಚಿತ್ರ ಹಿಡಿಯುವ ಗೊಡವೆಯೇ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. 1996ರಲ್ಲಿ ಕ್ವೇಕ್ ಆಟದ ರೇಂಜರ್ಸ್ ಎಂಬ ಗುಂಪು ‘ಡೈರಿ ಆಫ್ ಎ ಕ್ಯಾಂಪರ್’ ಎಂಬ ಪುಟ್ಟ ಚಿತ್ರ ಹೊರತಂದಿತು. ಅದು ವಿಡಿಯೊ ಕಡತವಾಗಿರಲಿಲ್ಲ, ಡೆಮೊ ಕಡತ. ಯಾರು ಎಲ್ಲಿದ್ದರು, ಎತ್ತ ಸರಿದರು ಎಂಬ ವಿವರ ಮಾತ್ರ ಅದರಲ್ಲಿ. ನೋಡುವವರ ಕಂಪ್ಯೂಟರಿನಲ್ಲೇ ಆಟ ಮತ್ತೆ ಜೀವ ತಳೆಯುತ್ತಿತ್ತು. ಆಮೇಲೆ ಕೌಂಟರ್-ಸ್ಟ್ರೈಕಿನ ಫ್ರ್ಯಾಗ್ ಮೂವಿ, ಅಂದರೆ ಎದುರಾಳಿಗಳನ್ನು ಕೆಡವಿದ ಕ್ಷಣಗಳ ಚಿತ್ರ, ಮಾಡುವವರು ಇಂಥ ಡೆಮೊಗಳಿಂದಲೇ ಸೆಕೆಂಡಿಗೆ ನೂರಾರು ಫ್ರೇಮು ತೆಗೆದು, ಅವನ್ನು ಬೆರೆಸಿ ನಿಜವಾದ ಚಲನೆಯ ಮಸುಕನ್ನು ಕಟ್ಟಿದರು. ಡೆಮೊ ಉಳಿಸುವ ಆಟ ನೀವು ಆಡುತ್ತಿದ್ದರೆ ಅದನ್ನು ಅಳಿಸಬೇಡಿ. ಕೆಟ್ಟ ರೆಕಾರ್ಡಿಂಗಿಗೆ ಎರಡನೇ ಅವಕಾಶ ಸಿಗುವುದು ಅಲ್ಲಿ ಮಾತ್ರ.

ಓಟದ ಮಾತಾಯಿತು, ಇನ್ನು ಸ್ಪಷ್ಟತೆ. 1080ಪಿ, 60 ಫ್ರೇಮಿನ ವಿಡಿಯೊವನ್ನು ಒಂದಿಷ್ಟೂ ಹಿಂಡದೆ ಇಟ್ಟರೆ ಸೆಕೆಂಡಿಗೆ ಹತ್ತಿರ ಹತ್ತಿರ 300 ಕೋಟಿ ಬಿಟ್ ಆಗುತ್ತದೆ. ಅದೇ ವಿಡಿಯೊಗೆ ಯೂಟ್ಯೂಬ್ ಕೊಡುವ ಸಲಹೆ ಸೆಕೆಂಡಿಗೆ 12 ಮೆಗಾಬಿಟ್, ಎಂದರೆ ಸುಮಾರು 250ರಲ್ಲಿ ಒಂದು ಪಾಲು. ಹಿಂಡುವ ಯಂತ್ರ ಬದುಕುವುದೇ ‘ಏನೂ ಬದಲಾಗಿಲ್ಲ’ ಎಂಬ ಸಮಾಧಾನದ ಮೇಲೆ. ನೀಲಿ ಆಕಾಶ, ಖಾಲಿ ಗೋಡೆ ಅದಕ್ಕೆ ಸಲೀಸು. ಬಿಜಿಎಂಐನ ಎರಾಂಗಲ್ ನಕಾಶೆಯಲ್ಲಿ ಹುಲ್ಲಿನ ಮೇಲೆ ಮಲಗಿ ತೆವಳುವಾಗ ಏನಾಗುತ್ತದೆ ನೋಡಿ. ಸಾವಿರಾರು ಎಳೆ, ಒಂದೊಂದೂ ಪ್ರತಿ ಫ್ರೇಮಿಗೆ ಬೇರೆ ಜಾಗದಲ್ಲಿ. ಬಿಟ್ ಸಾಲದೆ ಹುಲ್ಲೆಲ್ಲ ಹಸಿರು ರಾಡಿಯಾಗುತ್ತದೆ, ಚೌಕ ಚೌಕವಾಗಿ ಒಡೆಯುತ್ತದೆ, ಎದುರಾಳಿಯ ಹೆಲ್ಮೆಟ್ ಆ ರಾಡಿಯಲ್ಲಿ ಕರಗುತ್ತದೆ. ಆಡುವವನಿಗೆ ಕಂಡದ್ದು ನೋಡುವವನಿಗೆ ಕಾಣದೆ ಹೋಗುವುದು ಹೀಗೆ. ವಿಡಿಯೊದ ಗುಣ ತೂಗಬೇಕಿದ್ದರೆ ಮುಖಪುಟದ ಚಿತ್ರವನ್ನಲ್ಲ, ಹುಲ್ಲು, ಮಳೆ, ಹೊಗೆ ಇರುವ ಜಾಗವನ್ನು ನಿಲ್ಲಿಸಿ ನೋಡಿ.

ಕಪ್ಪು ಹಿನ್ನೆಲೆಯ ಮೇಲಿನ ಸಣ್ಣ ಕೆಂಪಕ್ಷರಗಳನ್ನೂ ನೋಡಿ. ಬೆಳಕಿನ ವಿವರವನ್ನು ಪೂರ್ತಿ ಇಟ್ಟು, ಬಣ್ಣದ ವಿವರವನ್ನು ನಾಲ್ಕು ಪಿಕ್ಸೆಲಿಗೆ ಒಂದರಂತೆ ಇಡುವುದು ಸಾಮಾನ್ಯ ರೂಢಿ. ಬಿಳಿ ಅಕ್ಷರ ಚೂಪಾಗಿಯೂ ಕೆಂಪು ಅಕ್ಷರ ಹರಡಿಯೂ ಕಂಡರೆ ಅದು ಎಡಿಟರಿನ ತಪ್ಪಲ್ಲ.

ಹುಲ್ಲು ರಾಡಿಯಾಗುವುದಕ್ಕೆ ಮದ್ದು ಬುಡದಿಂದಲೇ ಶುರುವಾಗಬೇಕು. ಓಬಿಎಸ್‌ನಲ್ಲಿ ರೆಕಾರ್ಡ್ ಮಾಡುವಾಗ ಒಂದೇ ಬಿಟ್‌ರೇಟಿಗೆ ಕಟ್ಟಿಹಾಕದೆ ಸಿಕ್ಯುಪಿ ಎಂಬ ವಿಧಾನ ಆರಿಸಿ, ಅಂಕಿಯನ್ನು 18ರಿಂದ 22ರ ನಡುವೆ ಇಟ್ಟರೆ ಹುಲ್ಲು ಬಂದಾಗ ಹೆಚ್ಚು, ಗೋಡೆ ಬಂದಾಗ ಕಡಿಮೆ ಎಂದು ಯಂತ್ರವೇ ಹಂಚಿಕೊಳ್ಳುತ್ತದೆ. ಎಕ್ಸ್‌ಪೋರ್ಟಿನಲ್ಲಿ ಯೂಟ್ಯೂಬ್ ಹೇಳಿದ 12ಕ್ಕೆ ಸರಿಯಾಗಿ ನಿಲ್ಲಿಸಬೇಕಿಲ್ಲ. ಹೇಗೂ ಅವರು ಮತ್ತೊಮ್ಮೆ ಹಿಂಡುತ್ತಾರೆ, ಅದರ ಎರಡು ಮೂರು ಪಟ್ಟು ಕೊಟ್ಟರೆ ಎರಡನೇ ಹಿಂಡಿಕೆಗೆ ಒಳ್ಳೆಯ ಸರಕು ಸಿಗುತ್ತದೆ. ವಿಡಿಯೊವನ್ನು 1440ಪಿಗೆ ಏರಿಸಿ ಹಾಕುವ ಉಪಾಯವೂ ಬಲ್ಲವರಲ್ಲಿ ಚಾಲ್ತಿಯಲ್ಲಿದೆ. ಸಣ್ಣ ಚಾನೆಲ್ಲುಗಳ 1080ಪಿ ವಿಡಿಯೊಗೆ ಸಾಮಾನ್ಯವಾಗಿ ಎವಿಸಿ ಎಂಬ ಹಳೆಯ ಕೋಡೆಕ್ (ಹಿಂಡುವ ವಿಧಾನ; ಎಚ್.264ರದೇ ಇನ್ನೊಂದು ಹೆಸರು) ಸಿಗುತ್ತದೆ, 1440ಪಿಗೆ ಹೆಚ್ಚಾಗಿ ವಿಪಿ9 ಮತ್ತು ಧಾರಾಳವಾದ ಬಿಟ್‌ರೇಟ್.

ಹಳೆಯ ಆಟಗಳ ರಸಿಕರಿಗೆ ಬೇರೆಯದೇ ಎಚ್ಚರ ಬೇಕು. ಗೇಮ್ ಬಾಯ್ ಪರದೆ 160×144 ಪಿಕ್ಸೆಲ್. 1080ರ ಎತ್ತರಕ್ಕೆ ತುಂಬಿಸಿದರೆ ಏಳೂವರೆ ಪಟ್ಟು. ಕೆಲವು ಪಿಕ್ಸೆಲ್ ಏಳು ಸಾಲು, ಕೆಲವು ಎಂಟು, ಇಲ್ಲವೇ ಅಂಚೆಲ್ಲ ಮಂಜು. ಏಳು ಪಟ್ಟು ಮಾಡಿ 1120×1008ಕ್ಕೆ ನಿಲ್ಲಿಸಿ, ಸುತ್ತ ಕಪ್ಪು ಅಂಚು ಬಿಟ್ಟರೆ ಪ್ರತಿ ಚುಕ್ಕಿಯೂ ಚೌಕವಾಗಿ ನಿಲ್ಲುತ್ತದೆ. ಅಂಚು ಬಿಡುವ ಧೈರ್ಯ ಮಾಡಿದ ಎಡಿಟರನ್ನು ನಾನು ಮೊದಲ ನೋಟಕ್ಕೇ ನಂಬುತ್ತೇನೆ.

ಇಷ್ಟೆಲ್ಲ ಮಾಡಿ ವಿಡಿಯೊ ಏರಿಸಿದ ಕೂಡಲೇ ನೋಡಿ ಎದೆಗುಂದುವುದು ಬೇಡ. ಯೂಟ್ಯೂಬ್ ಮೊದಲು ಕಡಿಮೆ ಗುಣದ ಪ್ರತಿಯನ್ನು ಸಿದ್ಧಪಡಿಸಿ, ದೊಡ್ಡವನ್ನು ಆಮೇಲೆ ಸೇರಿಸುತ್ತದೆ. ಅಲ್ಲಿಯವರೆಗೆ ವಿಡಿಯೊವನ್ನು ಖಾಸಗಿಯಾಗಿ ಇಟ್ಟುಕೊಂಡು, 1440ಪಿ60 ಎಂಬ ಆಯ್ಕೆ ಕಂಡ ಮೇಲೆ ವಿಡಿಯೊದ ಮೇಲೆ ಬಲಗುಂಡಿ ಒತ್ತಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಕೋಡೆಕ್ ಸಾಲಿನಲ್ಲಿ ವಿಪಿ09 ಅಥವಾ ಎವಿ01 ಇದೆಯೇ, ಬಿದ್ದ ಫ್ರೇಮು ಸೊನ್ನೆಯ ಆಸುಪಾಸಿನಲ್ಲಿದೆಯೇ ನೋಡಿ. ಬಿದ್ದ ಫ್ರೇಮಿನ ಎಣಿಕೆ ಏರುತ್ತಲೇ ಇದ್ದರೆ ಅದು ನಿಮ್ಮದೇ ಬ್ರೌಸರ್ ಅಥವಾ ಕಂಪ್ಯೂಟರಿನ ಏದುಸಿರು. ಇನ್ನೊಂದು ಯಂತ್ರದಲ್ಲಿ ನೋಡಿ, ಆಮೇಲೆ ವಿಡಿಯೊವನ್ನು ಎಲ್ಲರಿಗೂ ತೆರೆಯಿರಿ.