ಪಿಂಗ್ ಬಂದರೆ ಕೆಲಸ ಮುಗಿಯಿತೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇವತ್ತು ನೆಟ್‌ವರ್ಕ್ ಮಲಗಿದರೆ ಅಡಿಕೆ ವ್ಯಾಪಾರವೂ ಮಲಗುತ್ತದೆ. ರಾಜ್ಯ ಸರ್ಕಾರ ಮತ್ತು ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಜಂಟಿಯಾಗಿ 2014ರಲ್ಲಿ ಆರಂಭಿಸಿದ ಇ-ಮಾರುಕಟ್ಟೆ ವ್ಯವಸ್ಥೆ ಬಂದ ಮೇಲೆ ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟುಗಳ ಟೆಂಡರ್ ಕಂಪ್ಯೂಟರಿಗೆ ಬಂದಿದೆ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರರ ಮಾರಾಟ ಸಂಘ ಟಿಎಸ್‌ಎಸ್‌ನಿಂದ ಹಿಡಿದು ಹಳ್ಳಿಯ ಸೇವಾ ಸಹಕಾರಿ ಸಂಘದವರೆಗೆ ಇಡೀ ಸೀಮೆ ಬದುಕುತ್ತಿರುವುದೇ ಸಹಕಾರದ ಮೇಲೆ. ಹಾಗಾಗಿ ಕಚೇರಿಯ ಮೂಲೆಯ ಸ್ವಿಚ್ಚಿನ ಯೋಗಕ್ಷೇಮ ಬೆಳೆಗಾರನ ಪಟ್ಟಿಗೂ ಸಂಬಂಧಿಸಿದ್ದು.

ಮೊದಲು ಮೆಚ್ಚುವ ಮಾತು. ನಮ್ಮ ಕಡೆಯ ನೆಟ್‌ವರ್ಕ್ ಹುಡುಗರು ವಿಲ್ಯಾನ್, ಅಂದರೆ ಒಂದೇ ಸ್ವಿಚ್ಚಿನೊಳಗಿನ ಪ್ರತ್ಯೇಕ ಜಾಲಗಳನ್ನು, ಬೇರ್ಪಡಿಸುವುದನ್ನು ಚೆನ್ನಾಗಿ ಕಲಿತಿದ್ದಾರೆ. ಲೆಕ್ಕಪತ್ರಕ್ಕೊಂದು, ಟೆಂಡರ್ ಹಾಲ್‌ಗೊಂದು, ಗೋದಾಮಿನ ಕ್ಯಾಮೆರಾಗೊಂದು. ಕ್ಯಾಮೆರಾದ ಗದ್ದಲ ಬಿಲ್ಲಿಂಗ್ ಕೌಂಟರಿಗೆ ತಾಗದಂತೆ ಮಾಡಿರುವುದು ಸಣ್ಣ ಕೆಲಸವಲ್ಲ. ತಕರಾರಿರುವುದು ಅದರ ಮುಂದಿನ ಹೆಜ್ಜೆಯ ಬಗ್ಗೆ. ಪೋರ್ಟ್ ಬದಲಿಸಿ, ಪಿಂಗ್ ಹೊಡೆದು, ಉತ್ತರ ಬಂದ ಕೂಡಲೇ ಬ್ಯಾಗ್ ಕಟ್ಟುವ ರೂಢಿಯೇ ನನಗೆ ಹೆಚ್ಚು ಕಂಡಿದೆ. ಸ್ಪ್ಯಾನಿಂಗ್ ಟ್ರೀ ಏನು ಹೇಳುತ್ತಿದೆ ಎಂದು ಕೇಳುವವರು ವಿರಳ.

ಕೇಳಬೇಕಾದ ಕಾರಣ ಈಥರ್ನೆಟ್ಟಿನ ಸ್ವಭಾವದಲ್ಲೇ ಇದೆ. ಐಪಿ ಪ್ಯಾಕೆಟ್ಟಿಗೆ ಒಂದು ಆಯಸ್ಸಿದೆ. ರೂಟರ್ ದಾಟಿದ ಹಾಗೆ ಅಂಕೆ ಇಳಿದು ಸೊನ್ನೆಗೆ ಬಂದರೆ ಅದು ಸಾಯುತ್ತದೆ. ಈಥರ್ನೆಟ್ ಫ್ರೇಮಿಗೆ ಆ ಆಯಸ್ಸಿಲ್ಲ. ಎರಡು ಸ್ವಿಚ್ಚುಗಳ ನಡುವೆ ಎರಡು ದಾರಿ ತೆರೆದಿದ್ದರೆ ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತುತ್ತಲೇ ಇರುತ್ತದೆ, ಕೆಲವೇ ಕ್ಷಣಗಳಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಮಿನುಗಿ ಇಡೀ ಕಚೇರಿ ಸ್ತಬ್ಧ. 1985ರಲ್ಲಿ ಡಿಇಸಿ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಇದಕ್ಕೆ ಸ್ಪ್ಯಾನಿಂಗ್ ಟ್ರೀ ಎಂಬ ಮದ್ದು ಕಂಡುಹಿಡಿದರು. ಸ್ವಿಚ್ಚುಗಳು ತಮ್ಮಲ್ಲೇ ಮಾತಾಡಿಕೊಂಡು ಒಂದನ್ನು ರೂಟ್ ಎಂದು ಆರಿಸುತ್ತವೆ, ಹೆಚ್ಚುವರಿ ದಾರಿಯನ್ನು ಮುಚ್ಚಿಡುತ್ತವೆ, ತೆರೆದ ದಾರಿ ಕಡಿದರೆ ಮುಚ್ಚಿದ್ದನ್ನು ತೆರೆಯುತ್ತವೆ. 1990ರಲ್ಲಿ ಇದು ಐಇಇಇ ಮಾನದಂಡವಾಯಿತು. ವಿಲ್ಯಾನಿನ ಮಾನದಂಡ ಬಂದದ್ದು ಆಮೇಲೆ, 1998ರಲ್ಲಿ. ಮೊದಲಿನದು ಎರಡನೆಯದನ್ನು ಗಮನದಲ್ಲಿಟ್ಟು ಹುಟ್ಟಿದ್ದಲ್ಲ; ನಮ್ಮ ತೊಂದರೆಗಳ ಬೇರು ಬಹುಪಾಲು ಅಲ್ಲೇ.

ನಮ್ಮಲ್ಲಿ ಸಾಮಾನ್ಯವಾದ ಒಂದು ಜೋಡಣೆ ನೋಡಿ. ಮುಖ್ಯ ಕಟ್ಟಡದಿಂದ ಗೋದಾಮಿಗೆ ಎರಡು ಫೈಬರ್, ಎರಡೂ ಹಲವು ವಿಲ್ಯಾನುಗಳನ್ನು ಹೊರುವ ಟ್ರಂಕ್. ಸ್ಪ್ಯಾನಿಂಗ್ ಟ್ರೀ ಒಂದನ್ನು ತೆರೆದಿದೆ, ಇನ್ನೊಂದನ್ನು ತಡೆದಿದೆ. ಈಗ ಕ್ಯಾಮೆರಾಗೆಂದು 30ನೇ ವಿಲ್ಯಾನ್ ಸೇರಿಸಿ, ತೆರೆದ ಟ್ರಂಕಿನಲ್ಲಿ ಮಾತ್ರ ಅನುಮತಿ ಕೊಟ್ಟರು. ಪಿಂಗ್ ಬಂತು, ಚಿತ್ರ ಬಂತು, ಎಲ್ಲರಿಗೂ ಖುಷಿ. ಆಷಾಢದ ಗಾಳಿಗೆ ಮರ ಬಿದ್ದು ಆ ಫೈಬರ್ ಹರಿಯಿತೆನ್ನಿ. ಎರಡನೆಯ ದಾರಿ ತೆರೆಯುತ್ತದೆ, ಬಿಲ್ಲಿಂಗ್ ನಡೆಯುತ್ತದೆ, ಕ್ಯಾಮೆರಾ ಮಾತ್ರ ಸತ್ತಿರುತ್ತದೆ. ಇಡೀ ನೆಟ್‌ವರ್ಕಿಗೆ ಒಂದೇ ಮರ ಕಟ್ಟುವ, ಸ್ಪ್ಯಾನಿಂಗ್ ಟ್ರೀಯ ಹೊಸ ರೂಪವಾದ ಆರ್‌ಎಸ್‌ಟಿಪಿಗೆ ಯಾವ ಟ್ರಂಕಿನಲ್ಲಿ ಯಾವ ವಿಲ್ಯಾನ್ ಹೋಗುತ್ತದೆಂಬ ಅರಿವೇ ಇಲ್ಲ. ತಡೆದ ಟ್ರಂಕಿನಲ್ಲಿ ಮಾತ್ರ ಅನುಮತಿ ಕೊಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ತೆರೆದದ್ದಕ್ಕೆ ಮಾತ್ರ ಕೊಟ್ಟ ತಪ್ಪು ತಿಂಗಳುಗಟ್ಟಲೆ ಅಡಗಿ ಕೂರುತ್ತದೆ, ಅದಕ್ಕೇ ಅದು ಹೆಚ್ಚು ಅಪಾಯಕಾರಿ.

ಸಿಸ್ಕೋ ಸ್ವಿಚ್ಚುಗಳಲ್ಲಿ ಕಥೆ ಬೇರೆ. ಅಲ್ಲಿ ವಿಲ್ಯಾನಿಗೊಂದು ಮರ. 10 ಮತ್ತು 20ನೇ ವಿಲ್ಯಾನಿಗೆ ಮುಖ್ಯ ಸ್ವಿಚ್ಚಿನ ಆದ್ಯತೆಯನ್ನು 24576ಕ್ಕೆ ಇಳಿಸಿ ಅದನ್ನೇ ರೂಟ್ ಮಾಡಿರುತ್ತಾರೆ. ಹೊಸ 30ನೆಯದಕ್ಕೆ ಆ ಆಜ್ಞೆ ಯಾರೂ ಕೊಟ್ಟಿರುವುದಿಲ್ಲ. ಶೋ ಸ್ಪ್ಯಾನಿಂಗ್ ಟ್ರೀ ಕೊಟ್ಟು ನೋಡಿದರೆ ಎಲ್ಲ ಸ್ವಿಚ್ಚುಗಳಲ್ಲೂ ಒಂದೇ ಸಂಖ್ಯೆ: ಮೂಲ 32768ಕ್ಕೆ ವಿಲ್ಯಾನಿನ 30 ಸೇರಿ 32798. ಆದ್ಯತೆ ಸಮನಾದಾಗ ಯಾರ ಮ್ಯಾಕ್ ವಿಳಾಸ ಚಿಕ್ಕದೋ ಅದೇ ರೂಟ್. ಎಷ್ಟೋ ಸಲ ಅದು ಎಲ್ಲಕ್ಕಿಂತ ಹಳೆಯದು, ಗೋದಾಮಿನ ದೂಳಿನಲ್ಲಿ ಯುಪಿಎಸ್ ಕೂಡ ಇಲ್ಲದೆ ಕೂತಿರುವಂಥದ್ದು. ಕರೆಂಟ್ ಹೋಗಿ ಬಂದಾಗಲೆಲ್ಲ ಆ ವಿಲ್ಯಾನಿನ ಮರ ಹೊಸದಾಗಿ ಕಟ್ಟಿಕೊಳ್ಳಬೇಕು. ನಮ್ಮ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆಂದು ಹೇಳಬೇಕಾಗಿಲ್ಲ.

ಇದೇ ಸಿಸ್ಕೋದಲ್ಲಿ ಟ್ರಂಕಿನ ಅನುಮತಿ ಪಟ್ಟಿಗೆ ಸೇರಿಸುವಾಗ ‘ಆ್ಯಡ್’ ಪದ ಬಿಟ್ಟರೆ ಹಳೆಯ ಪಟ್ಟಿ ಅಳಿದು ಹೊಸ ವಿಲ್ಯಾನ್ ಒಂದೇ ಉಳಿಯುತ್ತದೆ. ಎಂಎಸ್‌ಟಿಪಿ (ಹಲವು ವಿಲ್ಯಾನುಗಳನ್ನು ಗುಂಪು ಮಾಡಿ ಗುಂಪಿಗೊಂದು ಮರ ಕಟ್ಟುವ ವಿಧಾನ) ಬಳಸುವವರು ವಿಲ್ಯಾನ್ ಹಂಚಿಕೆಯನ್ನು ಎಲ್ಲ ಸ್ವಿಚ್ಚಿನಲ್ಲೂ ಒಂದೇ ರೀತಿ ಬರೆಯಬೇಕು, ಇಲ್ಲದಿದ್ದರೆ ಅವು ಬೇರೆ ಬೇರೆ ವಲಯಗಳಾಗಿ ಒಡೆಯುತ್ತವೆ.

ನಾನು ಒಪ್ಪಲಾರದ ಸಲಹೆ ಒಂದಿದೆ: ‘ಪೋರ್ಟ್ ಏಳಲು ಅರ್ಧ ನಿಮಿಷ ತಗೊಳ್ತು, ಸ್ಪ್ಯಾನಿಂಗ್ ಟ್ರೀ ಆಫ್ ಮಾಡಿಬಿಡಿ.’ ಹಳೆಯ ಮಾನದಂಡದಲ್ಲಿ 15 ಸೆಕೆಂಡಿನ ಎರಡು ಹಂತ ಇರುವುದು ನಿಜ. ಅದಕ್ಕೆ ಪರಿಹಾರ ಕಂಪ್ಯೂಟರ್ ಪೋರ್ಟುಗಳಿಗೆ ಕಾಯದೆ ತೆರೆಯುವ ಪೋರ್ಟ್‌ಫಾಸ್ಟ್ ಹಾಕಿ, ಜೊತೆಗೆ ಅಲ್ಲಿ ಸ್ವಿಚ್ಚಿನ ಮಾತು ಕೇಳಿಸಿದರೆ ಪೋರ್ಟ್ ಮುಚ್ಚುವ ಬಿಪಿಡಿಯು ಗಾರ್ಡ್ ಕೊಡುವುದು. ಆಫ್ ಮಾಡಿದ ಮೇಲೆ ಕಸ ಗುಡಿಸುವಾಗ ಬಿಚ್ಚಿದ ವಯರನ್ನು ಯಾರೋ ಪುಣ್ಯಾತ್ಮರು ಖಾಲಿ ಕಂಡ ಪೋರ್ಟಿಗೆ ಚುಚ್ಚಿದರೂ ಸಾಕು, ಟೆಂಡರ್ ಹಾಲ್ ನಿಂತುಹೋಗುತ್ತದೆ.

ದೊಡ್ಡವರಿಗೂ ಇಂಥ ಸಂಕಟ ತಪ್ಪಿಲ್ಲ. 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಸ್ಪ್ಯಾನಿಂಗ್ ಟ್ರೀಯ ಮಿತಿ ಮೀರಿ ಬೆಳೆದು ಕುಸಿಯಿತು. ನಾಲ್ಕು ದಿನ ವೈದ್ಯರು ಕಾಗದಕ್ಕೆ ಮರಳಿದರು. ಅಲ್ಲಿ ತಜ್ಞರ ತಂಡವೇ ಬಂದಿಳಿಯಿತು. ಯಲ್ಲಾಪುರದ ಸಂಘಕ್ಕೆ ಶಿರಸಿಯಿಂದ ಒಬ್ಬ ಹುಡುಗ ಬೈಕಿನಲ್ಲಿ ಹೋಗಬೇಕು, ಘಟ್ಟದ ಮಳೆಯಲ್ಲಿ.

ಸಂಘಗಳ ಕಾರ್ಯದರ್ಶಿಗಳಲ್ಲಿ, ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟೇ. ವಿಲ್ಯಾನ್ ಕೆಲಸವನ್ನು ಟೆಂಡರ್ ಮುಗಿದ ಮೇಲೆಯೇ ಇಟ್ಟುಕೊಳ್ಳಿ. ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಪ್ರತಿ ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ ಸ್ಥಿತಿಯನ್ನು ಮುದ್ರಿಸಿ ಕೊಡಲು ಹೇಳಿ: ರೂಟ್ ಯಾವುದು, ತಡೆದಿರುವ ಪೋರ್ಟ್ ಯಾವುದು. ತೆರೆದ ಫೈಬರನ್ನು ನಿಮ್ಮೆದುರೇ ಒಮ್ಮೆ ಕಿತ್ತು, ಎಲ್ಲ ವಿಲ್ಯಾನೂ ಎರಡನೆಯ ದಾರಿಯಲ್ಲಿ ನಡೆಯುವುದನ್ನು ತೋರಿಸಲಿ. ಈ ಎರಡೂ ಆಗುವ ತನಕ ಬಿಲ್ ಪಾಸ್ ಮಾಡಬೇಡಿ.